ಮನಸ್ಸಿನ ತೇರಿಗೆ ಒಂದು ಸನ್ನೆ

ಕೊಟ್ಟೂರಿನ ಮಾಘಮಾಸದ ತೇರನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ದಾವಣಗೆರೆಯ ಕಡೆಯಿಂದಲೂ ಸುತ್ತಣ ಹಳ್ಳಿಗಳಿಂದಲೂ ಜನ ಕಾಲ್ನಡಿಗೆಯಲ್ಲಿ ಬಂದು ನೆರೆಯುತ್ತಾರೆ. ತೇರು ಹೊರಟಾಗ ಎಲ್ಲರ ಕಣ್ಣೂ ಮೇಲಕ್ಕೆ, ಕಳಸದ ಕಡೆಗೆ. ಆದರೆ ದೊಡ್ಡ ತೇರು ಯಾವ ಊರಿನದೇ ಆಗಲಿ, ಗಾಲಿಯ ಬಳಿ ಬಾಗಿ ನಡೆಯುವ ಕೆಲವರಿರುತ್ತಾರೆ. ಅವರ ಕೈಯಲ್ಲಿ ಮರದ ಸನ್ನೆ. ತೇರು ದಾರಿ ತಪ್ಪಿ ಒಂದು ಮಗ್ಗುಲಿಗೆ ಸರಿಯಿತೆನ್ನಿ. ಹಗ್ಗ ಹಿಡಿದ ನೂರಾರು ಮಂದಿ ಇನ್ನಷ್ಟು ಬಲವಾಗಿ ಎಳೆದರೆ ಅದು ಸರಿಹೋಗುವುದಿಲ್ಲ. ಸನ್ನೆಯವರು ಗಾಲಿಗೆ ಓರೆಯಾಗಿ ಮರವನ್ನು ಒಡ್ಡುತ್ತಾರೆ. ಗಾಲಿ ತುಸುವೇ ತಿರುಗುತ್ತದೆ. ತೇರಿಗೆ ಮತ್ತೆ ದಾರಿ ಸಿಗುತ್ತದೆ.

ನಮ್ಮ ಮನಸ್ಸೂ ಹಲವು ವೇಳೆ ಹೀಗೆಯೇ ಸಿಕ್ಕಿಬೀಳುತ್ತದೆ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಕಡೆ ಬೇಸಾಯಗಾರ ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದವನು. ಮುಂಗಾರು ಕೈಕೊಟ್ಟ ವರ್ಷ, ಶೇಂಗಾ ಬಿತ್ತಿದವನೊಬ್ಬನ ಮನೆಯನ್ನು ನೆನೆದುಕೊಳ್ಳಿ. ರಾತ್ರಿ ಹತ್ತು ಗಂಟೆ. ಬೀಜದ ಸಾಲ, ಗೊಬ್ಬರದ ಬಾಕಿ, ಮಗಳ ಕಾಲೇಜಿನ ಫೀಜು. ಕೂಡಿಸಿದ್ದನ್ನೇ ಕೂಡಿಸುತ್ತಾನೆ, ಕಳೆದದ್ದನ್ನೇ ಕಳೆಯುತ್ತಾನೆ. ಕೊನೆಗೆ ಹೆಂಡತಿ ಹೇಳುತ್ತಾಳೆ: “ಇಷ್ಟು ಸಲ ಕೂಡಿಸಿದರೂ ಬಾರದ ರೊಕ್ಕ ಇನ್ನೊಮ್ಮೆ ಕೂಡಿಸಿದರೆ ಬರ್ತದೇನ್ರೀ? ಮಲಗ್ರಿ. ಮುಂಜಾನೆ ಎದ್ದು ಆ ಹಗ್ಗನಾದರೂ ಹೊಸೀರಿ.”

ಈ ಮಾತು ಬೇಸರದಿಂದ ಬಂದದ್ದಿರಬಹುದು. ಆದರೆ ಅದರಲ್ಲಿ ಮನಶ್ಶಾಸ್ತ್ರದ ಒಂದು ತತ್ತ್ವವೇ ಅಡಗಿದೆ.

ಅಮೆರಿಕದಲ್ಲಿ ಅಬ್ರಹಾಂ ಲೂಚಿನ್ಸ್ ಎಂಬ ಮನಶ್ಶಾಸ್ತ್ರಜ್ಞರು 1942ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ನೀವೂ ಮಾಡಿ ನೋಡಬಹುದು. 21, 127, 3 ಅಳತೆ ನೀರು ಹಿಡಿಯುವ ಮೂರು ಪಾತ್ರೆಗಳಿವೆ. ಅವುಗಳಿಂದ ಸರಿಯಾಗಿ 100 ಅಳತೆ ನೀರು ಬೇಕು. ದೊಡ್ಡದನ್ನು ತುಂಬಿ, ಅದರಿಂದ 21ರ ಪಾತ್ರೆಗೆ ಒಮ್ಮೆ, 3ರ ಪಾತ್ರೆಗೆ ಎರಡು ಸಲ ಸುರಿದರೆ ಉಳಿಯುವುದು 100. ಇದೇ ಉಪಾಯದಿಂದ ಬಿಡಿಸಬಹುದಾದ ಕೆಲವು ಲೆಕ್ಕಗಳನ್ನು ಕೊಟ್ಟಾದ ಮೇಲೆ ಅವರು ಇನ್ನೊಂದನ್ನು ಕೊಟ್ಟರು: ಪಾತ್ರೆಗಳು 23, 49, 3, ಬೇಕಾದದ್ದು 20. ಇಪ್ಪತ್ತಮೂರರಿಂದ ಮೂರು ತೆಗೆದರೆ ಆಯಿತಲ್ಲವೆ? ಆದರೆ ಬಹುಮಂದಿ 49ನ್ನು ತುಂಬಿ ಹಳೆಯ ಸುತ್ತುದಾರಿಯನ್ನೇ ಹಿಡಿದರು. ಹಿಂದಿನ ಲೆಕ್ಕಗಳನ್ನು ಮಾಡದೆ ನೇರವಾಗಿ ಬಂದವರಿಗೆ ಮಾತ್ರ ಹತ್ತಿರದ ದಾರಿ ಸುಲಭವಾಗಿ ಕಂಡಿತು.

ಇದರ ಅರ್ಥವೇನು? ಸಿಕ್ಕಿಬಿದ್ದವನಿಗೆ ಬುದ್ಧಿ ಸಾಲದೆಂದಲ್ಲ. ಬುದ್ಧಿ ಒಂದೇ ಜಾಡಿನಲ್ಲಿ ಓಡಾಡಿ, ಆ ಜಾಡು ಆಳವಾಗಿಬಿಟ್ಟಿದೆ. ಬಂಡಿಯ ಗಾಲಿ ಎರೆಮಣ್ಣಿನಲ್ಲಿ ಹೂತಾಗ ಎತ್ತಿಗೆ ಬಾರುಕೋಲು ಬೀಸಿದಷ್ಟೂ ಗಾಲಿ ಇಳಿಯುವುದಲ್ಲದೆ ಏಳುವುದಿಲ್ಲ.

ಫ್ರಾನ್ಸಿನ ಗಣಿತಜ್ಞ ಹೆನ್ರಿ ಪ್ವಾಂಕರೆ ತಮ್ಮ ಅನುಭವವನ್ನು 1908ರ ಒಂದು ಗ್ರಂಥದಲ್ಲಿ ಹೇಳಿಕೊಂಡಿದ್ದಾರೆ. ಕ್ಲಿಷ್ಟವಾದ ಗಣಿತದ ಪ್ರಶ್ನೆಯೊಂದರ ಬೆನ್ನುಹತ್ತಿದ್ದ ದಿನಗಳಲ್ಲಿ ಅವರು ಭೂವಿಜ್ಞಾನದ ಪ್ರವಾಸವೊಂದಕ್ಕೆ ಹೊರಟರು. ಪಯಣದ ಗಡಿಬಿಡಿಯಲ್ಲಿ ಗಣಿತ ಮರೆತೇಹೋಗಿತ್ತು. ಕೂತಾನ್ಸ್ ಎಂಬ ಊರಿನಲ್ಲಿ ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ ಹೊಳಹು ತಾನಾಗಿ ಮಿಂಚಿತು. ಆದರೆ ಪ್ವಾಂಕರೆಯವರೇ ಒಂದು ಎಚ್ಚರಿಕೆಯನ್ನೂ ಕೊಡುತ್ತಾರೆ: ಮೊದಲು ದಿನಗಟ್ಟಲೆ ದುಡಿಯದವನಿಗೆ ಇಂಥ ಹೊಳಹು ಬಾರದು, ಹೊಳೆದದ್ದನ್ನು ಆಮೇಲೆ ಕುಳಿತು ಪರೀಕ್ಷಿಸಿ ನೋಡಲೂ ಬೇಕು.

ದೊಡ್ಡವರ ಮಾತಾಯಿತು, ನಮ್ಮಂಥವರಿಗೂ ಇದು ಸಲ್ಲುವುದೆ ಎಂದು ನೀವು ಕೇಳಬಹುದು. ಈ ವಿಷಯವಾಗಿ ನಡೆದಿದ್ದ 117 ಅಧ್ಯಯನಗಳನ್ನು 2009ರಲ್ಲಿ ಇಬ್ಬರು ಸಂಶೋಧಕರು ಒಟ್ಟುಗೂಡಿಸಿ ನೋಡಿದರು. ಸಮಸ್ಯೆಯನ್ನು ಸ್ವಲ್ಪಕಾಲ ಬದಿಗಿಡುವುದರಿಂದ ಉಪಯೋಗವುಂಟು, ಮೊದಲು ಹೆಚ್ಚುಹೊತ್ತು ಶ್ರಮಿಸಿದವರಿಗೆ ಆ ಉಪಯೋಗ ಹೆಚ್ಚು ಎಂದು ಕಂಡುಬಂತು. ಮಾತಿಗೆ ಸಂಬಂಧಿಸಿದ ಒಗಟುಗಳಲ್ಲಂತೂ, ನಡುವೆ ಸುಮ್ಮನೆ ಕುಳಿತವರಿಗಿಂತ ಹಗುರವಾದ ಬೇರೆ ಕೆಲಸದಲ್ಲಿ ತೊಡಗಿದವರಿಗೇ ಲಾಭ.

ಇದು ಲೆಕ್ಕ, ಒಗಟುಗಳ ಮಾತಾಯಿತು. ಇಡೀ ಬಾಳಿನ ದಿಕ್ಕು ಬದಲಾದುದಕ್ಕೆ ಈ ಸೀಮೆಯಲ್ಲೇ ಒಂದು ಉದಾಹರಣೆಯಿದೆ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್ ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡವರು, ಕಷ್ಟದಲ್ಲಿ ಬೆಳೆದವರು. ಪೊಲೀಸ್ ಇಲಾಖೆಯ ಕಚೇರಿಯಲ್ಲಿ ಕಡತಗಳ ನಡುವೆ ಗುಮಾಸ್ತಿಕೆ. ಕನ್ನಡ ಪುಸ್ತಕಗಳೆಂದರೆ ಆಗ ಅವರಿಗೆ ಅಷ್ಟೇನೂ ಆದರವಿರಲಿಲ್ಲ. ಅಂಥವರ ಕೈಗೆ ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ ಬಂತು. ಆ ಓದು ಅವರನ್ನು ಕನ್ನಡದ ಕಡೆ ತಿರುಗಿಸಿತು. ಕನ್ನಡಿಗರಿಗೆ ‘ಬೀchi’ ಎಂಬ ಹೆಸರಿನಲ್ಲಿ ಪರಿಚಿತರಾದ, ತಿಂಮನನ್ನು ಸೃಷ್ಟಿಸಿ ನಗಿಸಿದ ಬೀಚಿಯವರು ಇವರೇ. ಮುಂದೆ ತಮ್ಮ ಜೀವನಕಥೆಯನ್ನು ಬರೆದಾಗ ಅದಕ್ಕಿಟ್ಟ ಹೆಸರು ‘ನನ್ನ ಭಯಾಗ್ರಫಿ’. ಭಯವೂ ಇದೆ, ಆದರೆ ಅದನ್ನು ನಗೆಯ ಮಗ್ಗುಲಿನಿಂದ ನೋಡಿದ್ದಾರೆ. ಒಂದು ಪುಸ್ತಕದ ಕಡೆ ಹೊರಳಿದ ಗಮನ ಗಾಲಿಗೆ ಒಡ್ಡಿದ ಸನ್ನೆಯಾಯಿತು.

ಹಾಗಾದರೆ ನಾವು ಮಾಡಬೇಕಾದುದೇನು?

ಮೊದಲನೆಯದಾಗಿ, ಬಿಡುವ ಮುನ್ನ ಸಮಸ್ಯೆಯನ್ನು ಒಂದು ಹಾಳೆಯ ಮೇಲೆ ಬರೆದಿಡಿ. ತಲೆಯಲ್ಲಿದ್ದಾಗ ಬೆಟ್ಟದಂತಿದ್ದುದು ಕಾಗದದ ಮೇಲೆ ನಾಲ್ಕು ಸಾಲಾಗಬಹುದು. ಎರಡನೆಯದಾಗಿ, ಕೈಗೆ ಕೆಲಸ ಕೊಡಿ: ಹಗ್ಗ ಹೊಸೆಯುವುದು, ಕಾಳು ಹಸನು ಮಾಡುವುದು, ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆಯುವುದು, ನೆರೆಯವರ ಮಗುವಿಗೆ ಪಾಠ ಹೇಳುವುದು. ಇನ್ನೊಬ್ಬರಿಗೆ ಉಪಯೋಗವಾಗುವ ಕೆಲಸವಾದರೆ ಮತ್ತೂ ಒಳ್ಳೆಯದು. ನಮ್ಮ ಸುತ್ತಲೇ ಸುತ್ತುತ್ತಿದ್ದ ಮನಸ್ಸು ಆಗ ಅಂಗಳಕ್ಕೆ ಇಳಿಯುತ್ತದೆ. ಮೂರನೆಯದಾಗಿ, ಹಿಂದಿರುಗುವ ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಹಿಂದಿರುಗುವ ಗಡುವಿಲ್ಲದೆ ಬೇರೆ ಕಡೆ ಹೋದರೆ ಅದು ಗಮನ ಹೊರಳಿಸಿದ್ದಲ್ಲ, ತಪ್ಪಿಸಿಕೊಂಡದ್ದು. ಸೆರೆ ಕುಡಿಯುವವನೂ, ಇಸ್ಪೀಟು ಆಡುವವನೂ, ಅರ್ಧರಾತ್ರಿಯವರೆಗೆ ಮೊಬೈಲು ತೀಡುತ್ತ ಕೂರುವವನೂ ಗಮನವನ್ನು ಬೇರೆ ಕಡೆ ಹಾಕಿರುತ್ತಾನೆ. ಆದರೆ ಮರಳುವಾಗ ಅವನ ಕೈಯಲ್ಲಿ ಮೊದಲಿಗಿಂತ ಕಡಿಮೆ ಶಕ್ತಿ ಉಳಿದಿರುತ್ತದೆ.

ನಮ್ಮ ಆ ಬೇಸಾಯಗಾರ ಮರುದಿನ ಹಗ್ಗ ಹೊಸೆಯುತ್ತ ಕುಳಿತನೆನ್ನಿ. ಸಾಲ ಒಂದು ರೂಪಾಯಿಯೂ ಇಳಿದಿಲ್ಲ. ಆದರೆ ಪ್ರಶ್ನೆ ಬದಲಾಗಿರಬಹುದು. “ಇದನ್ನೆಲ್ಲ ಈ ಬೆಳೆಯಲ್ಲೇ ಹೇಗೆ ತೀರಿಸಲಿ?” ಎಂಬುದರ ಬದಲು, “ಯಾರ ಬಳಿ ಮೊದಲು ಹೋಗಿ ಮಾತಾಡಲಿ? ಯಾವುದಕ್ಕೆ ವಾಯಿದೆ ಕೇಳಲಿ?” ಎಂಬುದು ಅವನಿಗೆ ತೋಚುತ್ತದೆ. ಮೊದಲನೆಯ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಎರಡನೆಯದಕ್ಕೆ ಎದ್ದು ಹೋಗಬೇಕಾದ ಒಂದು ಬಾಗಿಲಾದರೂ ಇದೆ.

ಒಂದು ಮಾತನ್ನು ಮರೆಯಬಾರದು. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರದು, ಬದುಕೇ ಬೇಡವೆನಿಸುತ್ತದೆ ಎಂಬಂಥ ಸ್ಥಿತಿಗೆ ಹಗ್ಗ ಹೊಸೆಯುವ ಉಪಾಯ ಸಾಲದು. ಅದು ವೈದ್ಯರಿಗೆ ತೋರಿಸಬೇಕಾದ ನೋವು. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಖರ್ಚಿಲ್ಲದೆ ದೂರವಾಣಿ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನೆರವು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ತೇರನ್ನು ಒಬ್ಬನೇ ಎಳೆದ ಊರು ಎಲ್ಲಿಯೂ ಇಲ್ಲವಲ್ಲ!

ಮುಂದಿನ ಸಲ ಜಾತ್ರೆಗೆ ಹೋದಾಗ ಕಳಸಕ್ಕೆ ಕೈಮುಗಿದ ಮೇಲೆ ಗಾಲಿಯ ಕಡೆಗೂ ಒಮ್ಮೆ ನೋಡಿರಿ. ಅಲ್ಲಿ ಬಾಗಿ ನಡೆಯುವವನು ಎಳೆಯುವವನಲ್ಲ. ಆದರೂ ತೇರು ಪಾದಗಟ್ಟೆ ಮುಟ್ಟಿ ಮರಳಿ ನೆಲೆಗೆ ಬರಬೇಕಾದರೆ ಅವನು ಬೇಕೇ ಬೇಕು.