ಹಾಲೂಡಿಸುವ ತಾಯಿಗೆ ಮನೆಬಾಗಿಲ ನೆರವು

ಆಸ್ಪತ್ರೆಯಲ್ಲಿ ಹೆರಿಗೆ ಸುಸೂತ್ರವಾದರೆ ಎಲ್ಲವೂ ಮುಗಿಯಿತೆಂದು ಮನೆಯವರು ನೆಮ್ಮದಿಪಡುವುದುಂಟು. ಹಾಲೂಡಿಸುವ ತೊಡಕು ತಲೆದೋರುವುದು ಬಹುಮಟ್ಟಿಗೆ ಆಮೇಲೆ. ಸಹಜ ಹೆರಿಗೆಯಾದ ತಾಯಿ ಸಾಮಾನ್ಯವಾಗಿ ಎರಡು ದಿನ ಕಳೆದು ಮನೆಗೆ ಮರಳುತ್ತಾಳೆ. ಎದೆಯಲ್ಲಿ ಹಾಲು ತುಂಬಿಬರುವುದು 2ರಿಂದ 4ನೆಯ ದಿನದ ಹೊತ್ತಿಗೆ. ಎದೆ ಬಿಗಿಯುವುದು, ತೊಟ್ಟು ಬಿರಿಯುವುದು, ಮಗು ರಾತ್ರಿಯಿಡೀ ಅಳುವುದು ಎಲ್ಲವೂ ದಾದಿಯಿಲ್ಲದ ಮನೆಯಲ್ಲಿ. ಆಗ ಹಿರಿಯರೊಬ್ಬರು "ಇವಳಿಗೆ ಹಾಲು ಸಾಲದು" ಎಂದುಬಿಟ್ಟರೆ ಸಕ್ಕರೆನೀರು, ಜೇನು, ಡಬ್ಬದ ಪುಡಿ ಒಂದರ ಹಿಂದೊಂದು ಬರುತ್ತವೆ. ಹೊರಗಿನದು ಹೊಟ್ಟೆ ಸೇರಿದಷ್ಟೂ ಮಗು ಚೀಪುವುದು ಕಡಿಮೆ; ಚೀಪುವುದು ಕಡಿಮೆಯಾದಷ್ಟೂ ಹಾಲೂ ಕಡಿಮೆ. ಇಲ್ಲದ ಕೊರತೆ ಹೀಗೆ ನಿಜವಾಗುತ್ತದೆ.

ಮೊಲೆಯ ಹಾಲಿಗೆ ಹಳಗನ್ನಡದಲ್ಲಿ 'ಮೊಲೆವಾಲು' ಎಂಬ ನೇರವಾದ ಮಾತಿದೆ. ನಾವು ಅದನ್ನು ಉಚ್ಚರಿಸಲು ನಾಚುತ್ತೇವೆ. ನಾಚಿ, ಕೇಳಬೇಕಾದುದನ್ನೂ ಕೇಳದೆ ಉಳಿಯುತ್ತೇವೆ.

ಕೇಳಲು ಜನರಿದ್ದಾರೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆಯರಿಗೆ 2011ರಿಂದ ನವಜಾತ ಶಿಶುವಿನ ಮನೆಭೇಟಿಯ ಹೊಣೆಯಿದೆ. ಆಸ್ಪತ್ರೆಯ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ, ಹೀಗೆ ಆರು ಸಲ ಅವರು ಬರಬೇಕು. ಮೂರನೆಯ ದಿನವೇ ಮುಖ್ಯವೆಂದು ನನ್ನ ಎಣಿಕೆ. ಆಶಾ ಅದೇ ಊರಿನವರಾದ್ದರಿಂದ ಕೊಂಕಣಿ ಮನೆಯಲ್ಲಿ ಕೊಂಕಣಿ, ಕನ್ನಡದ ಮನೆಯಲ್ಲಿ ಕನ್ನಡ ಆಡಬಲ್ಲರು. ಇದು ಸಣ್ಣ ಅನುಕೂಲವಲ್ಲ.

ಬಂದವರ ಮುಂದೆ ಒಮ್ಮೆ ಹಾಲೂಡಿಸಿ ತೋರಿಸಬೇಕು. ಮಗು ಬರಿಯ ತೊಟ್ಟನ್ನು ಹಿಡಿದರೆ ತಾಯಿಗೆ ನೋವು, ಮಗುವಿಗೆ ಹಸಿವು. ಬಾಯಿ ಅಗಲವಾಗಿ ತೆರೆದು ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನೂ ಬಹುಪಾಲು ಒಳಗೆಳೆದುಕೊಂಡಿರಬೇಕು. ಕೆಳತುಟಿ ಹೊರಮಡಿಚಿ, ಗದ್ದ ಎದೆಗೆ ತಾಗಿರಬೇಕು. ದಿನಕ್ಕೆ 8ರಿಂದ 12 ಸಲ ಊಡಿಸುವುದು ಸಹಜ. ಐದು ದಿನ ಕಳೆದ ಮಗು ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆ ಮಾಡುತ್ತಿದ್ದು, ತೂಕವೂ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ. ಮೊದಮೊದಲು ತೂಕ ತುಸು ಇಳಿದು, ಸುಮಾರು ಎರಡು ವಾರದೊಳಗೆ ಹುಟ್ಟಿದಾಗಿನಷ್ಟಾಗುತ್ತದೆ. ಆಶಾ ತಕ್ಕಡಿ ತರುವುದು ಇದಕ್ಕಾಗಿಯೇ.

ನಮ್ಮಲ್ಲಿ ಬಾಣಂತನ ತವರಿನಲ್ಲಿ. ಕಾರವಾರದ ಸೊಸೆ ಅಂಕೋಲೆಯ ತವರಿಗೆ ಹೋದರೆ ಗಂಡನ ಮನೆಯ ಕೇರಿಯ ಆಶಾ ಬರಿಯ ಬಾಗಿಲು ಕಂಡು ಹಿಂದಿರುಗಬೇಕಾದೀತು. ಹೆರಿಗೆಗೆ ಮುಂಚೆಯೇ ತವರೂರಿನ ಆಶಾಗೆ ತಿಳಿಸಿ, ತಾಯಿ ಕಾರ್ಡನ್ನು ಜೊತೆಗೆ ಒಯ್ಯುವುದು ಲೇಸು.

ಇನ್ನು ದೂರವಾಣಿ. 2020ರಿಂದ ಇ-ಸಂಜೀವಿನಿಯ ಮೂಲಕ ಮನೆಯಿಂದಲೇ ವೈದ್ಯರನ್ನು ಕೇಳಬಹುದು. ಪರಿಚಯದ ದಾದಿಗೂ ವಿಡಿಯೋ ಕರೆ ಮಾಡಬಹುದು. ಬೆಳಕಿನತ್ತ ಕುಳಿತು, ಮಗುವಿನ ಬಾಯಿ, ಗದ್ದ ಕಾಣುವಂತೆ ಇನ್ನೊಬ್ಬ ಹೆಂಗಸು ಫೋನು ಹಿಡಿದರೆ ಹಿಡಿತದ ತಪ್ಪನ್ನು ಅಲ್ಲಿಂದಲೇ ತಿದ್ದಬಲ್ಲರು. ಚಿತ್ರ ಉಳಿಸಿಕೊಳ್ಳುವುದು ಬೇಡ. ಆದರೆ ಫೋನು ಮಗುವನ್ನು ತೂಗಲಾರದು, ಮುಟ್ಟಿ ನೋಡಲಾರದು. ಮಗು ಚೀಪದೆ ಮಂಕಾಗಿ ಮಲಗಿದರೆ, ಮೂತ್ರ ತೀರ ಕಡಿಮೆಯಾದರೆ, ಅಂಗೈ ಅಂಗಾಲು ಹಳದಿಯಾದರೆ, ತಾಯಿಗೆ ಜ್ವರ ಬಂದು ಎದೆ ಕೆಂಪೇರಿದರೆ ಕರೆಯನ್ನು ಅಲ್ಲಿಗೇ ನಿಲ್ಲಿಸಿ, ಕಾರವಾರದವರು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಅಂಕೋಲೆಯವರು ತಾಲ್ಲೂಕು ಆಸ್ಪತ್ರೆಗೆ ಹೊರಡಬೇಕು. ವಾಹನಕ್ಕೆ 108.