ಕಂಟ್ರೋಲ್ ರೂಮಿಗೆ ತಲುಪದ ವಾಸನೆ

ಪಂಪ್‌ಹೌಸಿನಲ್ಲಿ 31 ವರ್ಷ ಶಿಫ್ಟ್ ಮಾಡಿದವನು ನಾನು. ಪ್ರೆಷರ್ ಗೇಜಿನ ಮುಳ್ಳು ನನಗೆ ಮನೆಯವರ ಮುಖದಷ್ಟೇ ಪರಿಚಯ. ಕರೆಂಟು ಹೋಗಿ ಪಂಪು ಟ್ರಿಪ್ ಆದರೆ ಮುಳ್ಳು ದಡಕ್ಕನೆ ಬೀಳುತ್ತದೆ. ಮತ್ತೆ ಸ್ಟಾರ್ಟ್ ಮಾಡಿದಾಗ, ಪೈಪಿನೊಳಗೆ ಸೇರಿಕೊಂಡ ಗಾಳಿ ಹೊರಗೆ ಹೋಗುವ ತನಕ ತಡವರಿಸುತ್ತದೆ. ಇನ್ನಷ್ಟು ನೀರು ತಳ್ಳಿದರೆ ಪೈಪು ತುಂಬಿ ಮುಳ್ಳು ಮೇಲೇರುತ್ತದೆ. ಇದನ್ನು ಎಷ್ಟೋ ನೂರು ಸಲ ನೋಡಿದ್ದೆ. ಆ ರಾತ್ರಿಯೂ ಹಾಗೇ ಅಂದುಕೊಂಡೆ.

ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಫೋನ್ ಬಂತು. "ಸ್ವಾಮಿ, ಗದ್ದೇಲಿ ನೀರು ಉಕ್ತಾ ಅದೆ. ನಿಮ್ ಪೈಪೇ ಒಡ್ದಿರೋದು." ಯಾರೋ ರೈತರು. ನಾಲೆ ನೀರಿರಬೇಕು, ಬೆಳಗಾದ ಮೇಲೆ ಯಾರನ್ನಾದರೂ ಕಳಿಸುತ್ತೇನೆ ಅಂದು ಫೋನ್ ಇಟ್ಟೆ. ಲಾಗ್ ಬುಕ್ಕಿನಲ್ಲಿ 'ಏರ್ ಲಾಕ್' ಎಂದು ಬರೆದು ಎರಡನೇ ಪಂಪನ್ನೂ ಹಾಕಿದೆ. ಬೆಳಕು ಹರಿದು ನೋಡಿದರೆ ಅರ್ಧ ಎಕರೆ ಪೈರು ಮಣ್ಣಿನ ಸಮೇತ ಕೊಚ್ಚಿ ಹೋಗಿತ್ತು. ಪೈಪಿನಲ್ಲಿದ್ದದ್ದು ಕುಡಿಯುವ ನೀರು, ಗದ್ದೆ ವಾರದಲ್ಲಿ ಒಣಗಿತು, ಪರಿಹಾರ ಸಿಕ್ಕಿತು, ನನಗೊಂದು ಮೆಮೊ ಬಂತು. ಆ ರೈತರ ಎದುರು ನಿಂತು ಮಾತಾಡಲು ಮಾತ್ರ ನನಗೆ ಇವತ್ತಿನವರೆಗೂ ಆಗಿಲ್ಲ.

ಇದನ್ನೆಲ್ಲ ನೆನಪಿಸಿದ್ದು ಅಮೆರಿಕದ ಒಂದು ನದಿ. ಮಗಳು ಇರುವುದು ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಎಂಬ ಊರಿನಲ್ಲಿ, ಕೆಲಾಗ್ಸ್ ಕಾರ್ನ್‌ಫ್ಲೇಕ್ಸ್ ಹುಟ್ಟಿದ ಊರು. ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಸಂಜೆ ಕಲಮಜೂ ನದಿಯ ದಂಡೆಯಲ್ಲಿ ನಡೆದು ಬರುತ್ತಿದ್ದೆ. ನಮ್ಮ ಹೇಮಾವತಿಯಂತೆ ಸದ್ದಿಲ್ಲದೆ ಹರಿಯುವ ಹೊಳೆ. ಬಿದ್ದ ಮರದ ದಿಮ್ಮಿಗಳ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯಿಸಿಕೊಳ್ಳುತ್ತವೆ. "ಅಪ್ಪ, ಈ ಹೊಳೆಯ ತಳದಲ್ಲಿ ಒಂದು ಕಾಲಕ್ಕೆ ಎಣ್ಣೆ ಕೂತಿತ್ತು ಗೊತ್ತಾ?" ಅಂದಳು ಮಗಳು. ನಂಬಲಿಲ್ಲ. ಎಣ್ಣೆ ನೀರಿನ ಮೇಲೆ ತೇಲುವುದನ್ನು ಒಲೆ ಹಚ್ಚಿದವರೆಲ್ಲ ಬಲ್ಲರು. ಮಗಳು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಕೊಟ್ಟ ತನಿಖಾ ವರದಿಯ ಪ್ರಿಂಟ್ ತೆಗೆದು ಕೈಗಿಟ್ಟಳು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಹತ್ತು ದಿನ ಓದಿದೆ.

2010ರ ಜುಲೈ 25, ಭಾನುವಾರ ಸಂಜೆ ಆರಕ್ಕೆ ಎರಡು ನಿಮಿಷ ಇದ್ದಾಗ ಮಾರ್ಷಲ್ ಎಂಬ ಪಕ್ಕದ ಊರಿನ ಜವುಗಿನಲ್ಲಿ ಎನ್‌ಬ್ರಿಜ್ ಎಂಬ ಎಣ್ಣೆ ಪೈಪ್‌ಲೈನ್ ಕಂಪನಿಯ 6ಬಿ ಲೈನ್ ಬಿರಿಯಿತು. 30 ಇಂಚು ವ್ಯಾಸದ, ಕಾಲು ಇಂಚು ದಪ್ಪದ, 1969ರಲ್ಲಿ ಹೂತಿದ್ದ ಉಕ್ಕಿನ ಪೈಪು. ಬಿರುಕಿನ ಉದ್ದ ಆರೂವರೆ ಅಡಿಗೂ ಹೆಚ್ಚು. ಪೈಪಿಗೆ ತುಕ್ಕು ಹಿಡಿಯದಂತೆ ಸುತ್ತಿದ್ದ ಪ್ಲಾಸ್ಟಿಕ್ ಟೇಪು ಕಾಲಾಂತರದಲ್ಲಿ ಬಿಟ್ಟುಕೊಂಡು, ಸಂದಿಯಲ್ಲಿ ತೇವ ಸೇರಿ, ಉಕ್ಕು ಒಳಗೊಳಗೇ ಸೀಳುತ್ತಾ ಬಂದಿತ್ತು. 2005ರಲ್ಲೇ ಪೈಪಿನೊಳಗೆ ಯಂತ್ರ ಹರಿಸಿ ಪರೀಕ್ಷಿಸಿದಾಗ ಅದೇ ತುಂಡಿನಲ್ಲಿ ಆರು ಬಿರುಕುಗಳು ಕಂಡಿದ್ದವು. ಅಗೆದು ನೋಡಿರಲಿಲ್ಲ.

ಆ ಲೈನನ್ನು ನಡೆಸುವ ಕಂಟ್ರೋಲ್ ರೂಮ್ ಇದ್ದದ್ದು ಕೆನಡಾದ ಎಡ್ಮಂಟನ್‌ನಲ್ಲಿ, ಎರಡು ಸಾವಿರ ಕಿಲೋಮೀಟರಿಗೂ ಆಚೆ. ಮೊದಲೇ ಗೊತ್ತುಮಾಡಿದಂತೆ ಲೈನ್ ನಿಲ್ಲಿಸುತ್ತಿದ್ದ ಗಳಿಗೆಯಲ್ಲೇ ಅದು ಬಿರಿದದ್ದು. ಅಲಾರಂಗಳು ಬಡಿದುಕೊಂಡವು. ಪ್ರೆಷರ್ ಬಿದ್ದಿತ್ತು. ಪಂಪು ನಿಲ್ಲಿಸಿದಾಗ ಎಣ್ಣೆಯ ಸಾಲು ಎಲ್ಲೋ ಕಡಿದು ನಡುವೆ ಆವಿ ತುಂಬಿಕೊಳ್ಳುವುದುಂಟು, ಅವರ ಭಾಷೆಯಲ್ಲಿ 'ಕಾಲಂ ಸಪರೇಷನ್'. ನಮ್ಮ ಏರ್ ಲಾಕಿನ ಅಣ್ಣತಮ್ಮ ಎನ್ನಬಹುದು. ಅದಿರಬೇಕು ಅಂದುಕೊಂಡರು. ಹಾಗಿದ್ದರೆ ಮದ್ದು ಒಂದೇ, ಇನ್ನಷ್ಟು ಎಣ್ಣೆ ತಳ್ಳುವುದು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಒಮ್ಮೆ, ಏಳು ದಾಟಿದ ಮೇಲೆ ಇನ್ನೊಮ್ಮೆ ಲೈನ್ ಸ್ಟಾರ್ಟ್ ಮಾಡಿದರು. ಹೊರಗೆ ಹರಿದ ಒಟ್ಟು ಎಣ್ಣೆಯಲ್ಲಿ ಶೇಕಡ 81ರಷ್ಟು ಈ ಎರಡು ಸ್ಟಾರ್ಟಿನಲ್ಲೇ ಹೋದದ್ದು. ಈ ಸಾಲನ್ನು ಓದಿ ನಾನು ವರದಿ ಮುಚ್ಚಿಟ್ಟು ಹೊರಗೆ ಹೋಗಿ ಕೂತೆ. ಬೆಳಗಿನ ಜಾವದ ನಾಲ್ಕು ಗಂಟೆ ನನಗೆ ಗೊತ್ತಿದ್ದ ಹೊತ್ತು.

ಅವರಲ್ಲೊಂದು ನಿಯಮವೂ ಇತ್ತು: ಕಾರಣ ತಿಳಿಯದ ಏರುಪೇರು ಹತ್ತು ನಿಮಿಷ ದಾಟಿದರೆ ಲೈನ್ ನಿಲ್ಲಿಸಲೇಬೇಕು. 1991ರಲ್ಲಿ ಮಿನೆಸೋಟ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ ದೊಡ್ಡ ಸೋರಿಕೆ ಆದ ಮೇಲೆ ಕಲಿತು ಬರೆದ ನಿಯಮ. 'ಇದು ಕಾಲಂ ಸಪರೇಷನ್ ಅಷ್ಟೆ' ಅಂದುಕೊಂಡರೆ ಕಾರಣ ತಿಳಿದ ಹಾಗೇ ಆಯಿತಲ್ಲ! ಮೂರು ಶಿಫ್ಟಿನವರು ಕೆಲಸ ಮಾಡಿದರು. ಒಬ್ಬರು ಅಂದುಕೊಂಡದ್ದನ್ನು ಇನ್ನೊಬ್ಬರು ಹಾಗೆಯೇ ಚಾರ್ಜ್ ತೆಗೆದುಕೊಂಡರು.

ಇತ್ತ ಮಾರ್ಷಲ್ ಊರಿನ ಜನಕ್ಕೆ ಭಾನುವಾರ ರಾತ್ರಿಯೇ ಗೊತ್ತಾಗಿತ್ತು. ಒಂಬತ್ತೂವರೆ ಹೊತ್ತಿಗೇ ತುರ್ತು ನಂಬರಿಗೆ ಫೋನ್ ಹೋಗಿತ್ತು: ಕೆಟ್ಟ ವಾಸನೆ, ಗ್ಯಾಸಿನ ಹಾಗೆ, ಎಣ್ಣೆಯ ಹಾಗೆ. ಅಗ್ನಿಶಾಮಕದವರು ಬಂದು ಗ್ಯಾಸ್ ಸೋರಿಕೆ ಹುಡುಕಿ ಏನೂ ಕಾಣದೆ ಹಿಂತಿರುಗಿದರು. ಈ ಮಾತು ಎಡ್ಮಂಟನ್‌ಗೆ ಹೋಗಲೇ ಇಲ್ಲ. ಅಲ್ಲಿಯವರು 'ಯಾರಾದರೂ ಫೋನ್ ಮಾಡಿದ್ದಾರಾ?' ಎಂದು ಕಾದರು. ಯಾರೂ ಮಾಡದಿದ್ದದ್ದರಿಂದ ಸೋರಿಕೆ ಇಲ್ಲ ಅಂದುಕೊಂಡರು. ಸೋಮವಾರ ಬೆಳಿಗ್ಗೆ 11 ಗಂಟೆ 17 ನಿಮಿಷಕ್ಕೆ ಇನ್ಯಾವುದೋ ಗ್ಯಾಸ್ ಕಂಪನಿಯ ಕೆಲಸದವರೊಬ್ಬರು ಹಳ್ಳದಲ್ಲಿ ಎಣ್ಣೆ ಕಂಡು ಫೋನ್ ಮಾಡಿದ ಮೇಲೆ ಲೈನ್ ಮುಚ್ಚಿತು. ಅಷ್ಟರಲ್ಲಿ 17 ಗಂಟೆ ಕಳೆದಿತ್ತು. ಸುಮಾರು 32 ಲಕ್ಷ ಲೀಟರ್ ಹರಿದಿತ್ತು. ನಮ್ಮ ರಸ್ತೆಯಲ್ಲಿ ಓಡುವ 20 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 160 ಟ್ಯಾಂಕರ್.

ತಳಕ್ಕೆ ಕೂತ ಎಣ್ಣೆಯ ಗುಟ್ಟು ಇಷ್ಟು. ಕೆನಡಾದ ಆಲ್ಬರ್ಟದಲ್ಲಿ ಮರಳಿನಿಂದ ತೆಗೆಯುವ ಬಿಟುಮೆನ್ ಡಾಂಬರಿನಂಥ ಮಂದ ಪದಾರ್ಥ. ಹಾಗೇ ಪೈಪಿನಲ್ಲಿ ಹರಿಯುವುದಿಲ್ಲ. ತೆಳುವಾದ ಇಂಧನದ್ರವ ಬೆರೆಸಿ ಹರಿಯುವ ಹದಕ್ಕೆ ತರುತ್ತಾರೆ. ಬಯಲಿಗೆ ಬಿದ್ದೊಡನೆ ತೆಳು ಭಾಗ ಆವಿಯಾಗಿ ಹೋಗುತ್ತದೆ, ಅದರಲ್ಲಿ ಕ್ಯಾನ್ಸರ್ ತರುವ ಬೆಂಜೀನ್ ಇರುತ್ತದೆ. ಜನರ ಮೂಗಿಗೆ ಬಡಿದದ್ದು ಈ ಆವಿ. ತಲೆನೋವು, ವಾಕರಿಕೆ ಎಂದು ಸುಮಾರು 320 ಮಂದಿ ಹೇಳಿಕೊಂಡರು. ಉಳಿದ ಮಂದ ಭಾಗ ಹೂಳಿನ ಜೊತೆ ಸೇರಿ ಮುಳುಗುತ್ತದೆ. ತೇಲುವ ಎಣ್ಣೆಗೆ ಅಡ್ಡ ಕಟ್ಟುವ ಬೇಲಿ ಹಾಕಿದ್ದರು, ಮುಳುಗಿದ್ದು ಅದರ ಕೆಳಗೆ ನುಸುಳಿತು. ಹೊಳೆಯ ಉದ್ದಕ್ಕೂ 60 ಕಿಲೋಮೀಟರ್ ಎಣ್ಣೆ ಹರಡಿತು. ಸಾವಿರಾರು ಆಮೆಗಳನ್ನು ಹಿಡಿದು, ಒಂದೊಂದನ್ನೇ ಕೈಯಲ್ಲಿ ತೊಳೆದು ಬಿಟ್ಟರು. ಹೊಳೆಯ ತಳದ ಹೂಳೆತ್ತುವ ಕೆಲಸ ವರ್ಷಗಟ್ಟಲೆ ನಡೆಯಿತು. ದಂಡೆಯ ನೂರಕ್ಕೂ ಹೆಚ್ಚು ಮನೆಗಳನ್ನು ಕಂಪನಿಯೇ ಕೊಂಡುಕೊಂಡಿತು. ಖರ್ಚು ನೂರು ಕೋಟಿ ಡಾಲರ್ ದಾಟಿತು.

ಮಿಷಿಗನ್ ಜನ ಪೈಪ್‌ಲೈನ್ ಅಂದರೆ ಯಾಕೆ ಬೆಚ್ಚುತ್ತಾರೆ ಎಂಬುದು ಇದನ್ನು ತಿಳಿದ ಮೇಲೆ ಅರ್ಥವಾಗುತ್ತದೆ. ಅದೇ ಕಂಪನಿಯ 5ನೇ ಲೈನ್ ಆ ರಾಜ್ಯದ ಉತ್ತರ ಭಾಗದಲ್ಲಿ ಮಿಷಿಗನ್ ಮತ್ತು ಹ್ಯೂರಾನ್ ಎಂಬ ಎರಡು ಮಹಾಸರೋವರಗಳು ಕೂಡುವ ಜಲಸಂಧಿಯ ತಳದಲ್ಲಿದೆ. 1953ರಲ್ಲಿ ಹಾಕಿದ ಜೋಡಿ ಪೈಪು, ನೀರಿನಡಿಯಲ್ಲೇ ಏಳು ಕಿಲೋಮೀಟರ್. 2018ರ ಏಪ್ರಿಲ್‌ನಲ್ಲಿ ಹಡಗಿನ ಲಂಗರು ತಗಲಿ ಪೈಪು ನೆಗ್ಗಿತು. ಒಡೆಯಲಿಲ್ಲ. 2020ರ ನವೆಂಬರ್‌ನಲ್ಲಿ ರಾಜ್ಯಪಾಲೆ ಗ್ರೆಚೆನ್ ವಿಟ್ಮರ್ ಅದರ ಪರವಾನಗಿ ರದ್ದು ಮಾಡಿದರು. ಕಂಪನಿ ಕೋರ್ಟಿಗೆ ಹೋಯಿತು, ಕೆನಡಾ ಸರ್ಕಾರ ಎರಡು ದೇಶಗಳ ನಡುವಿನ 1977ರ ಪೈಪ್‌ಲೈನ್ ಒಪ್ಪಂದ ತೋರಿಸಿತು, ನೆಲದಡಿ ಸುರಂಗ ಕೊರೆದು ಅದರೊಳಗೆ ಹೊಸ ಪೈಪು ಹಾಕುತ್ತೇವೆ ಎಂಬ ಯೋಜನೆಯೂ ಎದ್ದಿತು. ಪಕ್ಕದ ವಿಸ್ಕಾನ್ಸಿನ್‌ನಲ್ಲಿ ಬ್ಯಾಡ್ ರಿವರ್ ಎಂಬಲ್ಲಿನ ಮೂಲನಿವಾಸಿ ಒಜಿಬ್ವೆ ಜನರ ನೆಲದಲ್ಲಿ ಅದೇ ಲೈನಿನ ಒಪ್ಪಂದದ ಅವಧಿ ಮುಗಿದಿತ್ತು. ಅಲ್ಲಿಂದ ತೆಗೆಯಬೇಕೆಂದು 2023ರಲ್ಲಿ ಫೆಡರಲ್ ನ್ಯಾಯಾಲಯ ಮೂರು ವರ್ಷ ಗಡುವು ಕೊಟ್ಟಿತು.

ಕಂಪನಿಯ ಪರ ಮಾತಾಡುವವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆ ಚಳಿ ದೇಶದ ಉತ್ತರದ ಹಳ್ಳಿಗಳು ಮನೆ ಬೆಚ್ಚಗಿಡಲು ಸುಡುವ ಪ್ರೊಪೇನ್‌ಗೆ ಈ ಲೈನೇ ಆಧಾರ. ಪೈಪು ಬೇಡವೆಂದರೆ ಎಣ್ಣೆ ರೈಲು, ಲಾರಿ ಹತ್ತುತ್ತದೆ. 2013ರ ಜುಲೈನಲ್ಲಿ ಕೆನಡಾದ ಲಾಕ್ ಮೆಗಾಂಟಿಕ್ ಊರಿನ ನಡುವೆ ಎಣ್ಣೆ ತುಂಬಿದ ರೈಲು ಹಳಿ ತಪ್ಪಿ ಹೊತ್ತಿ 47 ಜನ ಸತ್ತರು. ನಮ್ಮಲ್ಲೂ ಅಷ್ಟೆ. ಅದೇ 2013ರ ಏಪ್ರಿಲ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ರಸ್ತೆಬದಿಯ ಮನೆಗಳು ಬೆಂದುಹೋದದ್ದು ಯಾರು ಮರೆತಾರು? ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರು ಹೊರವಲಯದ ದೇವನಗುಂದಿಗೆ ಸುಮಾರು 360 ಕಿಲೋಮೀಟರ್ ಪೈಪ್‌ಲೈನ್ 2003ರಲ್ಲಿ ಶುರುವಾಯಿತು. ಅದರೊಳಗೆ ಹರಿಯುವ ಪೆಟ್ರೋಲು, ಡೀಸೆಲ್ಲು ಟ್ಯಾಂಕರಿನಲ್ಲಿ ಬರುವುದಾದರೆ ಶಿರಾಡಿ ಘಾಟಿಯನ್ನೇ ಹತ್ತಬೇಕು. ಅದಕ್ಕಿಂತ ಪೈಪೇ ಲೇಸು ಎಂದು ನಾನೂ ಹೇಳುತ್ತೇನೆ.

ಆದರೆ ಪೈಪು ಯಾರ ಹೊಲದಡಿ, ಯಾರ ನೀರಿನಡಿ ಹೋಗುತ್ತದೋ ಅವರ ಮಾತಿಗೆ ಬೆಲೆ ಎಷ್ಟು? 2016ರಲ್ಲಿ ಅಮೆರಿಕದ ಡಕೋಟಾ ಪೈಪ್‌ಲೈನ್ ವಿರುದ್ಧ ಸ್ಟ್ಯಾಂಡಿಂಗ್ ರಾಕ್‌ನ ಮೂಲನಿವಾಸಿಗಳು ತಿಂಗಳುಗಟ್ಟಲೆ ಹಿಮದಲ್ಲಿ ಡೇರೆ ಹಾಕಿ ಕೂತರು. ಆ ಪೈಪಿಗೆ ಮೊದಲು ನೋಡಿದ್ದ ದಾರಿಗಳಲ್ಲಿ ಬಿಸ್ಮಾರ್ಕ್ ನಗರದ ಉತ್ತರದ್ದೂ ಒಂದು. ಅದನ್ನು ಕೈಬಿಡಲು ಕೊಟ್ಟ ಕಾರಣಗಳಲ್ಲಿ ನಗರದ ಕುಡಿಯುವ ನೀರಿನ ಬಾವಿಗಳ ಸುರಕ್ಷತೆ ಸೇರಿತ್ತು. ಕೊನೆಗೆ ಪೈಪು ಹೋದದ್ದು ಈ ಮೂಲನಿವಾಸಿಗಳು ನೀರೆತ್ತುವ ಜಾಗಕ್ಕಿಂತ ಮೇಲೆ, ಅದೇ ಮಿಸ್ಸೂರಿ ನದಿಯ ಅಡಿಯಲ್ಲಿ. ಅವರ ಸಿಟ್ಟು ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಹಾಸನದ ಹತ್ತಿರ ನನ್ನ ಭಾವಮೈದನ ಹೊಲದಲ್ಲೂ ಪೈಪ್‌ಲೈನಿನ ಗುರುತುಕಲ್ಲು ಇದೆ. 1962ರ ಪೈಪ್‌ಲೈನ್ ಕಾನೂನಿನ ಪ್ರಕಾರ ಜಮೀನು ಅವನದೇ, ಕಂದಾಯ ಅವನೇ ಕಟ್ಟುತ್ತಾನೆ. ಆದರೆ ಪೈಪು ಹಾದುಹೋದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬಳಕೆಯ ಹಕ್ಕಿಗೆ ಕೊಡುವುದು ಜಮೀನಿನ ಅಂದಿನ ಮಾರುಕಟ್ಟೆ ಬೆಲೆಯ ಶೇಕಡ 10, ಜೊತೆಗೆ ಪೈಪು ಹೂಳುವಾಗ ಹಾಳಾದ ಬೆಳೆಗೆ ಪರಿಹಾರ. ತೆಂಗು ಹೋದ ಜಾಗದಲ್ಲಿ ಈಗ ರಾಗಿ.

ಮಿಷಿಗನ್‌ನಿಂದ ಬಂದ ಮೇಲೆ ಅಲ್ಲಿಗೆ ಹೋಗಿದ್ದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗನೊಬ್ಬ ಬದುವಿನ ಮೇಲೆ ನಡೆದು ಬಂದ. "ಭಾವ, ಲೈನ್ ನೋಡೋ ಹುಡ್ಗ, ಬರ್ತಾ ಇರ್ತಾನೆ" ಅಂದ ಭಾವಮೈದ, ಮಜ್ಜಿಗೆ ತಂದುಕೊಟ್ಟ. ಪೈಪಿನ ಗುಂಟ ನಡೆದು ಕಣ್ಣಿಡುವುದೇ ಹುಡುಗನ ಕೆಲಸ. ನಡೆಯುತ್ತಾ ಏನೇನು ನೋಡ್ತೀಯಪ್ಪ ಎಂದು ಕೇಳಿದೆ. ಹೊಸದಾಗಿ ಮಣ್ಣು ಕೆದಕಿದ್ದಾರಾ ಅಂತ ನೋಡ್ತೀನಿ ಸಾರ್, ಕಳ್ಳರು ತೂತು ಕೊರೀತಾರಲ್ಲ. ಹುಲ್ಲು ಸುಮ್ಮನೆ ಒಣಗಿದೆಯಾ ಅಂತ ನೋಡ್ತೀನಿ. ಎಲ್ಲಕ್ಕಿಂತ ಮೊದಲು ಮೂಸಿ ನೋಡ್ತೀನಿ ಅಂದ. ಯಾರಾದರೂ ವಾಸನೆ ಬರ್ತಿದೆ ಅಂದರೆ?

"ಮೇಲಿನವರಿಗೆ ಫೋನ್ ಮಾಡಿ, ಅವರು ಬರೋ ತಂಕ ಅಲ್ಲೇ ನಿಂತ್ಕೋತೀನಿ ಸಾರ್."

ಮಜ್ಜಿಗೆ ಲೋಟ ಕೆಳಗಿಟ್ಟು ಮುಂದಿನ ಕಲ್ಲಿನ ಕಡೆ ಹೊರಟ. ನಾನು ಹೊಲದ ಬೋರ್ಡಿನಲ್ಲಿದ್ದ ನಂಬರನ್ನು ಭಾವಮೈದನ ಫೋನಿನಲ್ಲೂ, ಅವನ ಹೆಂಡತಿಯ ಫೋನಿನಲ್ಲೂ, ಪಕ್ಕದ ಹೊಲದವರ ಫೋನಿನಲ್ಲೂ ಸೇವ್ ಮಾಡಿಕೊಟ್ಟೆ. ಭಾವಮೈದನ ತಾಯಿಗೆ ಮೊಬೈಲು ಬರುವುದಿಲ್ಲ. ಅವರಿಗೆಂದು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಂಕಿಯಲ್ಲಿ ಬರೆದೆ.