ಹಿಂದಿನ ಸಾಲಿನ ಕೇಳುಗ

ನಾನು ಬಾಲ್ಯದಲ್ಲಿ ಕೇಳಿದ ಮೊದಲ ಸಂಗೀತ ಕಚೇರಿ ಹೊಳಲ್ಕೆರೆಯಲ್ಲಿ, ಗುಡಿಯ ಮುಂದಿನ ಚಪ್ಪರದಲ್ಲಿ ನಡೆದದ್ದು. ಹಿಂದೆ ಕುಳಿತ ನಮಗೆ ಮೃದಂಗದ ಪೆಟ್ಟು ಕೇಳುತ್ತಿತ್ತು. ಪಿಟೀಲುಗಾರರ ಕಮಾನು ಆಡುವುದು ಕಾಣುತ್ತಿತ್ತು. ಅದರ ನಾದವನ್ನು ಮಾತ್ರ ಗಾಳಿ ಕೊಂಡೊಯ್ಯುತ್ತಿತ್ತು. ಮುಂದಿನ ಸಾಲಿನ ಹಿರಿಯರು ತಲೆದೂಗಿದಾಗ ನಾವೂ ತಲೆದೂಗುತ್ತಿದ್ದೆವು. ಸಂಗೀತಕ್ಕೆ ಒಂದು ಭವನವೇಕೆ ಬೇಕು ಎಂಬುದಕ್ಕೆ ನನಗೆ ದೊರೆತ ಮೊದಲ ಉತ್ತರ ಆ ಹಿಂದಿನ ಸಾಲೇ.

ಈ ಕೊರತೆಯನ್ನು ವೇದಿಕೆಯ ಮೇಲೆ ಕುಳಿತೇ ಅರಿತವರು ಪಿಟೀಲು ಚೌಡಯ್ಯನವರು. ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿನವರು. ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದ ಕಾಲ. ನಾಲ್ಕು ತಂತಿಗಳ ನಾದ ದೂರದವರಿಗೆ ಎಟುಕದೆಂದು ಕಂಡು, ಅವರು ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಕೂಡಿಸಿದರು. ಸಭೆ ವಾದ್ಯಕ್ಕೆ ಒದಗದಿದ್ದಾಗ ವಾದ್ಯವೇ ಸಭೆಗೆ ಒದಗಿತು.

ಚೌಡಯ್ಯನವರು 1967ರಲ್ಲಿ ನಿಧನರಾದರು. ಕೆ. ಕೆ. ಮೂರ್ತಿಯವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಎದ್ದ ಅವರ ಸ್ಮಾರಕ ಭವನ 1980ರಲ್ಲಿ ತೆರೆಯಿತು. ಕಟ್ಟಡವೇ ಏಳು ತಂತಿಯ ಪಿಟೀಲು! ತಂತಿಗಳುಂಟು, ಕುದುರೆಯುಂಟು, ಬಿರಡೆಗಳುಂಟು, ಕಮಾನೂ ಉಂಟು. ಒಳಗೆ ಸಾವಿರಕ್ಕೂ ಮಿಕ್ಕ ಆಸನಗಳು.

ಅದನ್ನು ಮೊದಲ ಸಲ ಕಂಡಾಗ ನನಗೊಂದು ಸಂಶಯ ಹುಟ್ಟಿತು. ಪಿಟೀಲಿನಾಕಾರದ ಭವನ ಪಿಟೀಲಿನಂತೆಯೇ ನುಡಿದೀತೆ? ನುಡಿಯದು. ಪಿಟೀಲಿನ ಮರದ ಒಡಲು ತಂತಿಯೊಡನೆ ತಾನೂ ಕಂಪಿಸಿ ನಾದವನ್ನು ಹಿಗ್ಗಿಸುತ್ತದೆ. ಕಾಂಕ್ರೀಟಿಗೆ ಆ ಗುಣವಿಲ್ಲ. ಭವನದ ಗೋಡೆ ಚಾವಣಿಗಳ ಕೆಲಸವೇ ಬೇರೆ: ಬಂದ ನಾದದಲ್ಲಿ ಕೊಂಚವನ್ನು ಹಿಂದಿರುಗಿಸುವುದು, ಕೊಂಚವನ್ನು ಹೀರಿಕೊಳ್ಳುವುದು. ಹಿಂದಿರುಗಿದ ನಾದ ಬೇಗ ಬಂದರೆ ಮೂಲ ನಾದದೊಡನೆ ಬೆರೆತು ಅದನ್ನು ತುಂಬುತ್ತದೆ. ತಡವಾಗಿ ಬಂದರೆ ಮುಂದಿನ ಸ್ವರದ ಮೇಲೆ ಬಿದ್ದು ಕೆಡಿಸುತ್ತದೆ. ದುರ್ಗದ ಬಂಡೆಗಳ ನಡುವೆ ನಿಂತು ಕೂಗಿದವರಿಗೆ ಇದು ಹೊಸತಲ್ಲ. ಬರಿದಾಗಿ ಮೊಳಗುವ ಭವನ ಜನ ತುಂಬಿದಾಗ ಹದಕ್ಕೆ ಬರುವುದುಂಟು; ಉಟ್ಟ ಬಟ್ಟೆ, ಕುಳಿತ ಮೈ ಇವೂ ನಾದವನ್ನು ಹೀರುತ್ತವೆ. ಕೇಳುಗನೂ ಕಟ್ಟಡದ ಒಂದು ಅಂಗವೇ.

ಹಾಗಾದರೆ ಆ ಆಕಾರ ಕಿವಿಗಾಗಿ ಅಲ್ಲ, ನೆನಪಿಗಾಗಿ. ಅದೂ ಸಣ್ಣ ಮಾತಲ್ಲ. ದೊರೆಗಳ, ದಾನಿಗಳ ಹೆಸರು ಹೊತ್ತ ಕಟ್ಟಡಗಳು ನಾಡಿನಲ್ಲಿ ಬೇಕಾದಷ್ಟಿವೆ. ಕಲಾವಿದನೊಬ್ಬನ ವಾದ್ಯವನ್ನೇ ಭವನವಾಗಿ ಕಟ್ಟಿದ್ದು ಅಪರೂಪ.

ನಮ್ಮ ಚಿತ್ರದುರ್ಗದ ರಂಗಮಂದಿರಕ್ಕೆ ತ. ರಾ. ಸು. ಅವರ ಹೆಸರಿದೆ. ದುರ್ಗದ ಸಂಗೀತಗಾರನೊಬ್ಬನನ್ನು ನಾಯಕನನ್ನಾಗಿಸಿ ‘ಹಂಸಗೀತೆ’ಯನ್ನು ಬರೆದವರು ಅವರು. ಹೆಸರಿನ ಋಣ ನಮಗೆ ತಿಳಿದಿದೆ. ಕಿವಿಯ ಋಣವೂ ತಿಳಿದಿರಬೇಕು. ಧ್ವನಿವರ್ಧಕವಿದೆಯಲ್ಲ ಎನ್ನುವವರುಂಟು. ಅದು ನಾದವನ್ನು ಗಟ್ಟಿಗೊಳಿಸೀತು. ಮೊಳಗುವ ಗೋಡೆಯನ್ನು ತಿದ್ದಲಾರದು. ಹಿರಿಯೂರಿನಲ್ಲಾಗಲಿ ಹೊಸದುರ್ಗದಲ್ಲಾಗಲಿ ನಾಳೆ ಭವನ ಕಟ್ಟಲು ಹೊರಟವರು, ವೇದಿಕೆಯ ಅಲಂಕಾರಕ್ಕೆ ಮೊದಲು ಹಿಂದಿನ ಸಾಲನ್ನು ನೆನೆಯಲಿ. ಅಲ್ಲಿ ಕುಳಿತ ಹುಡುಗ ಯಾರನ್ನೂ ನೋಡದೆ, ತಾನೇ ಕೇಳಿ ತಲೆದೂಗುವಂತಾಗಲಿ.